ಅಧ್ಯಕ್ಷರು ‘ತೂಕ’ ಎಂದರು

ಫಲ್ಗುಣಿ ತೀರ ಯಾಂತ್ರಿಕ ದೋಣಿಯವರ ಸಹಕಾರ ಸಂಘ
ಮೀನುಗಾರಿಕಾ ದಕ್ಕೆ, ಮಂಗಳೂರು
9 ಸೆಪ್ಟೆಂಬರ್ 2025

ಶ್ರೀಮತಿ ಬರ್ನಡೆಟ್ ಲೋಬೊ, ನಿವೃತ್ತ ಕಚೇರಿ ಕಾರ್ಯದರ್ಶಿ, ದೇರೆಬೈಲ್, ಇವರಿಗೆ

ವಿಷಯ: ಶೀಘ್ರಲಿಪಿ ಪುಸ್ತಕವನ್ನು ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ಆಗಸ್ಟ್ 19ರಂದು ಸಂಘದ ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಸೋರಿ ಒಂಬತ್ತು ಮಂದಿ ಕೆಲಸದವರು ಆಸ್ಪತ್ರೆ ಸೇರಿರುವುದೂ, ಈ ಬಗ್ಗೆ ಸರಕಾರವು ವಿಚಾರಣಾಧಿಕಾರಿಯನ್ನು ನೇಮಿಸಿರುವುದೂ ತಮಗೆ ತಿಳಿದೇ ಇದೆ. ಪ್ಲಾಂಟ್ ಆಪರೇಟರ್ ಉಬೈದ್ ಇವರ ನಿರ್ಲಕ್ಷ್ಯವೇ ಇದಕ್ಕೆ ಕಾರಣವೆಂದು ಸಂಘವು ಪ್ರಾಥಮಿಕವಾಗಿ ಅಭಿಪ್ರಾಯಪಟ್ಟಿದೆ.

ಜುಲೈ 26ರಂದು ಅಧ್ಯಕ್ಷರ ಕೋಣೆಯಲ್ಲಿ ನಡೆದ ಸಲಹಾ ಸಭೆಯ ಟಿಪ್ಪಣಿ ತಮ್ಮ ಶೀಘ್ರಲಿಪಿ ಪುಸ್ತಕದಲ್ಲಿದ್ದು, ನಿವೃತ್ತಿಯ ದಿನ ತಾವು ಅದನ್ನು ಮನೆಗೆ ಒಯ್ದಿರುವುದಾಗಿ ತಿಳಿದುಬಂದಿದೆ. ಉಪನಿಯಮ 31ರ ಪ್ರಕಾರ ಅಧ್ಯಕ್ಷರೂ ಅವರ ಸಲಹೆಗಾರರೂ ಆಡಿದ ಮಾತು ಅಧ್ಯಕ್ಷರ ಅಪ್ಪಣೆಯಿಲ್ಲದೆ ಹೊರಗೆ ಹೋಗತಕ್ಕದ್ದಲ್ಲ. ತನ್ಮೂಲಕ ಏಳು ದಿನಗಳೊಳಗೆ ಸದರಿ ಪುಸ್ತಕವನ್ನು ಒಪ್ಪಿಸತಕ್ಕದ್ದು. ಕೋವಿಡ್ ಕಾಲದಲ್ಲಿ ಅಧ್ಯಕ್ಷರು ತಮ್ಮ ಕುಟುಂಬಕ್ಕೆ ಮಾಡಿದ ಉಪಕಾರವನ್ನು ತಾವು ಮರೆತಿರಲಾರಿರೆಂದು ನಂಬಲಾಗಿದೆ.

(ಸಹಿ) ಮಾಯಿಲಪ್ಪ ಕರ್ಕೇರ
ಅಧ್ಯಕ್ಷರು


ದೇರೆಬೈಲ್
14 ಸೆಪ್ಟೆಂಬರ್ 2025

ಅಧ್ಯಕ್ಷರೇ,

ನಿಮ್ಮ ಸಹಿ ಇರುವ ಪತ್ರ ಬಂತು. ಪತ್ರ ನಿಮ್ಮದಲ್ಲ. ಹನ್ನೊಂದು ವರ್ಷ ನಿಮ್ಮ ಭಾಷಣ, ನಿಮ್ಮ ಮನವಿ, ಮಂತ್ರಿಗಳಿಗೆ ನೀವು ಕೊಟ್ಟ ಬೈಗಳು, ಎಲ್ಲವನ್ನೂ ಬರೆದವಳು ನಾನು. ‘ತನ್ಮೂಲಕ’ ಎಂಬ ಶಬ್ದ ನಿಮ್ಮ ಬಾಯಿಂದ ಒಂದು ದಿನವೂ ಬಂದದ್ದಿಲ್ಲ. ಅದು ಲಯನೆಲ್ ವಕೀಲರದು. ವಕೀಲರನ್ನು ಸಲಹೆಗಾರರಾಗಿ ಇಟ್ಟುಕೊಂಡದ್ದು ತಪ್ಪಲ್ಲ. ಮಾತನಾಡುವ ಕೆಲಸವನ್ನೂ ಅವರಿಗೇ ಬಿಟ್ಟದ್ದು ತಪ್ಪು.

ಉಪಕಾರದ ವಿಷಯ. ನನ್ನ ಗಂಡ ಆಂಬ್ರೋಸ್ ಕೋವಿಡಿನಲ್ಲಿ ಸತ್ತಾಗ ನನ್ನ ಸ್ವಂತ ಮೈದುನನೇ ಗೇಟಿನ ಹೊರಗೆ ನಿಂತಿದ್ದ. ನೀವು ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು ಬಂದು ಪೆಟ್ಟಿಗೆಯ ಒಂದು ಕಡೆಗೆ ಹೆಗಲು ಕೊಟ್ಟಿರಿ. ನಾಲ್ಕು ವರ್ಷದಲ್ಲಿ ಅದರ ಬಗ್ಗೆ ನೀವು ನನ್ನಲ್ಲಿ ಒಂದು ಮಾತು ಎತ್ತಲಿಲ್ಲ. ಅದಕ್ಕೇ ನಿಮ್ಮ ಮೇಲೆ ನನಗೆ ಅಷ್ಟು ಗೌರವ ಇತ್ತು. ಈಗ ಅದನ್ನು ಟೈಪ್ ಮಾಡಿಸಿ ಕಳಿಸಿದ್ದೀರಿ. ಓದಿದಾಗ ನನಗೆ ಅಳು ಬಂತು, ಮತ್ತೆ ಕೋಪ ಬಂತು. ಕೋಪ ಇನ್ನೂ ಉಂಟು.

ಪುಸ್ತಕ ಕೊಡುವುದಿಲ್ಲ.

ಕಾರಣ ನಿಮಗೆ ಗೊತ್ತು, ಆದರೂ ಬರೆಯುತ್ತೇನೆ, ಏಕೆಂದರೆ ಲಯನೆಲ್ ಕೂಡ ಇದನ್ನು ಓದುತ್ತಾರೆ. ಜುಲೈ ಮೂರನೇ ವಾರ ಉಬೈದ್ ನನ್ನ ಮೇಜಿನ ಹತ್ತಿರ ಬಂದಿದ್ದ. ಕಂಪ್ರೆಸರಿನ ಪಕ್ಕದ ವಾಲ್ವ್ ತಿಂದುಹೋಗಿದೆ, ಅದನ್ನು ಬದಲಿಸದೆ ಯಂತ್ರ ಓಡಿಸಬಾರದು, ಹತ್ತು ದಿನ ಬೇಕು ಎಂದ. ಒಂದು ಅರ್ಜಿ ಬರೆದುಕೊಡಿ ಎಂದು ಕೇಳಿದ. ಅವನಿಗೆ ಕನ್ನಡ ಬರೆಯುವುದು ಅಷ್ಟಕ್ಕಷ್ಟೇ. ನಾನು ನಿವೃತ್ತಿಯ ಕಾಗದಗಳ ಗಡಿಬಿಡಿಯಲ್ಲಿದ್ದೆ. “ಅರ್ಜಿ ಎಲ್ಲ ಬೇಡ ಮಾರಾಯ, ಮೀಟಿಂಗಿಗೆ ಬಂದು ಬಾಯಲ್ಲೇ ಹೇಳು, ನಾನು ಬರ್ಕೊಳ್ತೇನೆ” ಎಂದೆ. ಅವನು ಬಂದ. ನಿಮ್ಮ ಎದುರು, ಲಯನೆಲ್ ಮತ್ತು ನಿಮ್ಮ ಅಳಿಯ ಹಿತೇಶ್ ಎದುರು ನಿಂತು ಹೇಳಿದ. ನಾನು ಬರೆದುಕೊಂಡೆ.

ನನ್ನ ಮಾತು ಕೇಳಿದ್ದರಿಂದ ಅವನ ಕೈಯಲ್ಲಿ ಅರ್ಜಿಯಿಲ್ಲ. ಅವನು ಎಚ್ಚರಿಸಿದ್ದಕ್ಕೆ ನಿಮ್ಮ ಆಫೀಸಿನ ಹೊರಗೆ ಇರುವ ಸಾಕ್ಷಿ ನನ್ನ ಪುಸ್ತಕ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ಕೈಗೆ ಅದನ್ನು ಕೊಡಲೇ?

ಉಪನಿಯಮ 31 ಟೈಪ್ ಮಾಡಿದವಳೂ ನಾನೇ. ಮೀನಿನ ದರ ನಿಗದಿಯಾಗುವ ಮೊದಲೇ ವ್ಯಾಪಾರಿಗಳಿಗೆ ಸುದ್ದಿ ಹೋಗಬಾರದೆಂದು ಅದನ್ನು ಬರೆದದ್ದು. ಅಧ್ಯಕ್ಷರ ಮಾನ ಮುಚ್ಚಲಿಕ್ಕೆ ಬರೆದದ್ದಲ್ಲ.

ಬರ್ನಡೆಟ್


ಬೋಳಾರ
2 ಅಕ್ಟೋಬರ್ 2025

ಬಾಯಮ್ಮ,

ಇದು ನನ್ನದೇ ಅಕ್ಷರ. ಓದಲು ಕಷ್ಟ ಆದರೆ ಬೈಯಬೇಡಿ. ಮೊಬೈಲಿನಲ್ಲಿ ಎಂತದೂ ಬರೆಯಬೇಡಿ, ಫೋನೂ ಮಾಡಬೇಡಿ, ಎಲ್ಲ ರೆಕಾರ್ಡ್ ಆಗುತ್ತದೆ ಎಂದು ಲಯನೆಲ್ ಹೇಳಿದ್ದಾರೆ. ಹಾಗಾಗಿ ಪೋಸ್ಟಿನಲ್ಲಿ ಬರೆಯುತ್ತಿದ್ದೇನೆ. ಇದನ್ನು ಅವರಿಗೆ ತೋರಿಸಿಲ್ಲ.

ಆಂಬ್ರೋಸರ ವಿಷಯ ನಾನು ಬರೆಯಲು ಹೇಳಿದ್ದಲ್ಲ. ಮಾತಿನ ಮಧ್ಯೆ ಲಯನೆಲಿಗೆ ಹೇಳಿದ್ದು ಹೌದು. ಅವರು ಅದನ್ನು ಪತ್ರದಲ್ಲಿ ಹಾಕಿದ್ದು ಸಹಿ ಮಾಡುವಾಗ ನಾನು ನೋಡಲಿಲ್ಲ. ಅಷ್ಟಕ್ಕೆ ಕ್ಷಮೆ ಕೇಳುತ್ತೇನೆ. ಬೇರೆ ಯಾವುದಕ್ಕೂ ಕೇಳುವುದಿಲ್ಲ.

ನೀವು ಒಬ್ಬ ಉಬೈದನನ್ನು ನೋಡುತ್ತೀರಿ. ನನಗೆ ಇನ್ನೂರ ಹನ್ನೆರಡು ದೋಣಿ ಉಂಟು, ಒಂದೊಂದರಲ್ಲಿ ಎಂಟು ಹತ್ತು ಜನ. ನಾನು ಬಿದ್ದರೆ ಈ ಸಂಘ ಯಾರ ಕೈಗೆ ಹೋಗುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾವು ಐಸ್ ಪ್ಲಾಂಟ್ ಹಾಕುವ ಮೊದಲು ಹೊರಗಿನ ಐಸ್ ವ್ಯಾಪಾರಿಗಳು ನಮ್ಮನ್ನು ಹೇಗೆ ಕುಣಿಸುತ್ತಿದ್ದರು ನೆನಪುಂಟಾ? ಐಸ್ ಇಲ್ಲದೆ ಒಂದು ಇಡೀ ದೋಣಿಯ ಬಂಗುಡೆ ಕೊಳೆತು ನೀರಿಗೆ ಚೆಲ್ಲಿದ್ದು ನನ್ನ ಕಣ್ಣೆದುರು. ಆ ದಿವಸಕ್ಕೆ ತಿರುಗಿ ಹೋಗಬೇಕಾ?

ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ರಜೆ ಮುಗಿದು ಆಗಸ್ಟ್ ಒಂದಕ್ಕೆ ದೋಣಿಗಳು ಇಳಿಯಬೇಕಿತ್ತು. ಆಗ ಹತ್ತು ದಿವಸ ಮಿಷನ್ ನಿಲ್ಲಿಸು ಎಂದರೆ ಯಾವ ಅಧ್ಯಕ್ಷ ನಿಲ್ಲಿಸುತ್ತಾನೆ? ನಾನು ಇಲ್ಲ ಎಂದೂ ಹೇಳಲಿಲ್ಲ. ಒಂದು ಶಬ್ದ ಹೇಳಿದೆ. ಅದು ನಾನು ದಿನಕ್ಕೆ ಇಪ್ಪತ್ತು ಸಲ ಹೇಳುವ ಶಬ್ದ.

ಉಬೈದನನ್ನು ನಾವು ಬಿಡುವುದಿಲ್ಲ. ಕೇಸು ತಣ್ಣಗಾದ ಮೇಲೆ ಅವನಿಗೆ ಬೇರೆ ಕಡೆ ಕೆಲಸ ಮಾಡಿಸಿ ಕೊಡುತ್ತೇನೆ. ಹಿತೇಶ್ ಕೂಡ ಹಾಗೇ ಹೇಳಿದ್ದಾನೆ. ಪುಸ್ತಕ ಕೊಡಿ ಬಾಯಮ್ಮ. ನಿಮ್ಮಲ್ಲಿ ನಾನು ಇಷ್ಟು ವರ್ಷದಲ್ಲಿ ಕೇಳಿದ್ದು ಇದೊಂದೇ.

ನಿಮ್ಮ
ಮಾಯಿಲಪ್ಪ


ದೇರೆಬೈಲ್
30 ಅಕ್ಟೋಬರ್ 2025

ಮಾಯಿಲಪ್ಪಣ್ಣ,

ನಿಮ್ಮ ಪತ್ರಕ್ಕೆ ಮೆತ್ತಗೆ ಉತ್ತರ ಬರೆಯೋಣವೆಂದು ಮೂರು ವಾರ ಇಟ್ಟುಕೊಂಡಿದ್ದೆ. ನಿನ್ನೆ ಉಬೈದನ ಹೆಂಡತಿ ಸುಹೈಲಾ ಕುದ್ರೋಳಿಯಿಂದ ಎರಡು ಬಸ್ಸು ಹತ್ತಿ ಬಂದಳು. ಸಂಘವು ವಿಚಾರಣಾಧಿಕಾರಿಗೆ ಕೊಟ್ಟ ಕಾಗದಗಳ ಪ್ರತಿ ಅವಳ ಕೈಯಲ್ಲಿತ್ತು. ಆ ಮೆತ್ತಗಿನ ಪತ್ರವನ್ನು ಹರಿದು ಒಲೆಗೆ ಹಾಕಿದ್ದೇನೆ.

ನಾನು ಹೋಗುವ ಮೊದಲು ಜುಲೈ 26ರ ಸಭೆಯ ಕರಡನ್ನು ಆಫೀಸಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದೆ. ಕನ್ನಡಕ್ಕೆ ತಂದು ಶುದ್ಧ ಪ್ರತಿ ಮಾಡುವುದು ಬಾಕಿ ಇತ್ತು. ನಿಮ್ಮವರು ಅದನ್ನೇ ಕೊಟ್ಟಿದ್ದಾರೆ. ಎರಡು ಹಾಳೆ. ಗೋಪ್ಯ ಸಲಹೆ ಎಂದು ಸಾಲು ಸಾಲಾಗಿ ಮಸಿ ಬಳಿದಿದ್ದಾರೆ. ಹಾಜರಿದ್ದವರ ಪಟ್ಟಿಯಲ್ಲಿ ಉಬೈದನ ಹೆಸರಿಗೂ ಮಸಿ. ಅವನು ಹೇಳಿದ ಆರು ಸಾಲಿಗೂ ಮಸಿ. ಉಳಿದದ್ದು ಒಂದೇ ಸಾಲು: ‘ಅಧ್ಯಕ್ಷರು: ತೂಕ.’

ಅದರ ಕೆಳಗೆ ಹಿತೇಶ್ ಆಮೇಲೆ ಕೊಟ್ಟ ವಿವರಣೆ. ಆ ದಿನದ ಸಭೆಯಲ್ಲಿ ಅಧ್ಯಕ್ಷರು ಐಸ್ ಗಡ್ಡೆಗಳ ತೂಕದ ಬಗ್ಗೆ ಪ್ರಸ್ತಾಪಿಸಿದರಂತೆ. ಯಂತ್ರದ ಸುದ್ದಿಯೇ ಬರಲಿಲ್ಲವಂತೆ. ಜೊತೆಗೆ ಚಿಕ್ಕ ಗಡ್ಡೆ ಎಷ್ಟು ಕೆಜಿ, ದೊಡ್ಡ ಗಡ್ಡೆ ಎಷ್ಟು ಕೆಜಿ ಎಂಬ ಪಟ್ಟಿಯನ್ನೂ ಲಗತ್ತಿಸಿದ್ದಾರೆ.

ಅಧಿಕಾರಿ ರಾಯಚೂರು ಕಡೆಯವರು. ಅವರಿಗೆ ತೂಕ ಎಂದರೆ ಭಾರ. ನಮ್ಮ ಸಭೆಗಳು ನಡೆಯುವುದು ತುಳುವಿನಲ್ಲಿ, ತುಳುವಿನಲ್ಲಿ ‘ತೂಕ’ ಎಂದರೆ ‘ನೋಡೋಣ’ ಎಂದು ಅವರಿಗೆ ಹೇಗೆ ತಿಳಿಯಬೇಕು? ಮೊದಲು ಅವರೇ ತಪ್ಪಾಗಿ ಓದಿರಬೇಕು. ಆ ತಪ್ಪನ್ನು ನೋಡಿ ಹಿತೇಶ್ ನಕ್ಕಿರಬೇಕು, ಆಮೇಲೆ ಇದು ಒಳ್ಳೆಯದೇ ಆಯಿತು ಎಂದಿರಬೇಕು. ಅವನ ಬುದ್ಧಿ ನನಗೆ ಗೊತ್ತು.

ನೀವು ಹೇಳಿದ ಹಾಗೆ ಅದು ನೀವು ದಿನಕ್ಕೆ ಇಪ್ಪತ್ತು ಸಲ ಹೇಳುವ ಶಬ್ದ. ರಸ್ತೆ ಬೇಕು ಎಂದರೂ ತೂಕ, ಬಲ್ಬು ಹೋಗಿದೆ ಎಂದರೂ ತೂಕ. ನಾನು ಏನು ಮಾಡುತ್ತಿದ್ದೆ? ಪ್ರತಿ ಸಲ ಕನ್ನಡಕ್ಕೆ ತರುವಾಗ ‘ಪರಿಶೀಲಿಸಲಾಗುವುದು’ ಎಂದು ಬರೆಯುತ್ತಿದ್ದೆ. ಓದಿದವರಿಗೆ ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಕಡತ ಬಿಡಿಸಿ ಕೂತ ಹಾಗೆ ಕಾಣುತ್ತಿತ್ತು. ನಿಮ್ಮ ಉದಾಸೀನಕ್ಕೆ ಹನ್ನೊಂದು ವರ್ಷ ಇಸ್ತ್ರಿ ಹಾಕಿದವಳು ನಾನು. ಈ ಪಾಪದಲ್ಲಿ ನನಗೂ ಪಾಲುಂಟು ಎಂದು ಕಳೆದ ಭಾನುವಾರ ಪಾದ್ರಿಗಳ ಹತ್ತಿರ ಹೇಳಿ ಬಂದಿದ್ದೇನೆ. ನಿಮ್ಮ ಪಾಲನ್ನು ನಾನು ಹೇಳಲಿಕ್ಕೆ ಆಗುವುದಿಲ್ಲ.

ಉಬೈದನಿಗೆ ಬೇರೆ ಕಡೆ ಕೆಲಸ ಕೊಡಿಸುತ್ತೀರಿ, ಸರಿ. ಒಂಬತ್ತು ಜನರ ಪುಪ್ಪುಸ ಸುಟ್ಟವನು ಎಂಬ ಹೆಸರನ್ನು ಅವನು ಎಲ್ಲಿ ಇಟ್ಟು ಹೋಗಬೇಕು? ಐಸ್ ಒಡೆಯುವ ಕಿನ್ನಿ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಅವಳ ತಮ್ಮ ಉಬೈದನ ಮನೆಯ ಎದುರು ನಿಂತು ಕ್ಯಾಕರಿಸಿ ಉಗಿದು ಹೋದನಂತೆ. ಸುಹೈಲಾ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಡಿಸೆಂಬರಿನಲ್ಲಿ ನನ್ನನ್ನು ವಿಚಾರಣೆಗೆ ಕರೆದಿದ್ದಾರೆ. ಹೋಗುತ್ತೇನೆ. ಪುಸ್ತಕ ತೆಗೆದುಕೊಂಡೇ ಹೋಗುತ್ತೇನೆ. ಉಪನಿಯಮ ಮುರಿದಳು ಎಂದು ಕೇಸು ಹಾಕುವುದಾದರೆ ಹಾಕಿ.

ಬರ್ನಡೆಟ್


ಬೋಳಾರ
11 ನವೆಂಬರ್ 2025

ಬಾಯಮ್ಮ,

ಓದಿ. ಧಾರಾಳವಾಗಿ ಓದಿ. ಆ ಕೊಕ್ಕೆ ಗೆರೆಗಳನ್ನು ನೀವಲ್ಲದೆ ಇನ್ನೊಬ್ಬರು ಓದಲಿಕ್ಕಿಲ್ಲ. ನೀವು ಓದಿದ್ದೇ ಅದರಲ್ಲಿ ಉಂಟು ಎಂದು ಯಾರು ನಂಬುತ್ತಾರೆ?

ಹದಿನಾರು ವರ್ಷಕ್ಕೆ ಕಡಲಿಗೆ ಹೋದವನು ನಾನು. ಗಾಳಿ ಎದ್ದಾಗ ಚುಕ್ಕಾಣಿ ಬಿಟ್ಟು ಓಡಿದವನಲ್ಲ. ಕುರ್ಚಿಯೂ ಬಿಡುವುದಿಲ್ಲ, ಅಪ್ಪಣೆಯೂ ಕೊಡುವುದಿಲ್ಲ. ನನ್ನ ಕೋಣೆಯಲ್ಲಿ ಆಡಿದ ಮಾತು ನನ್ನದು.

ಇನ್ನು ಪತ್ರ ಬೇಡ.

ಮಾಯಿಲಪ್ಪ ಕರ್ಕೇರ


ದೇರೆಬೈಲ್
13 ಡಿಸೆಂಬರ್ 2025

ಅಧ್ಯಕ್ಷರೇ,

ಪತ್ರ ಬೇಡ ಎಂದಿರಿ. ಬರೆಯುತ್ತಿದ್ದೇನೆ. ನಿಮ್ಮ ಆಫೀಸಿನ ಸಂಬಳ ಜುಲೈಗೆ ಮುಗಿಯಿತು, ಇನ್ನು ನಿಮ್ಮ ಆಜ್ಞೆ ನನಗೆ ಸಲ್ಲುವುದಿಲ್ಲ.

ನಿನ್ನೆ ವಿಚಾರಣೆ ಇತ್ತು. ನೀವು ಬರಲಿಲ್ಲ. ನಿಮ್ಮ ಪರವಾಗಿ ಲಯನೆಲ್ ಬಂದು, ಸಲಹೆಗಾರರೊಡನೆ ಆಡಿದ ಮಾತಿನ ಬಗ್ಗೆ ಅಧ್ಯಕ್ಷರನ್ನು ಪ್ರಶ್ನಿಸುವ ಹಾಗಿಲ್ಲ ಎಂದು ನಾಲ್ಕು ಪುಟ ಓದಿದರು. ಅಷ್ಟು ಚಂದದ ಇಂಗ್ಲಿಷ್ ಆ ಜಿಲ್ಲಾ ಕಚೇರಿಯ ಫ್ಯಾನಿನ ಕೆಳಗೆ ಯಾರೂ ಓದಿರಲಿಕ್ಕಿಲ್ಲ. ಉಬೈದ್ ಬಾಗಿಲ ಹತ್ತಿರ ನಿಂತಿದ್ದ. ಹದಿನಾಲ್ಕು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದವನು. ಅಂಗಿ ಸಡಿಲವಾಗಿ ನೇತಾಡುತ್ತಿತ್ತು.

ನನ್ನ ಸರದಿ ಬಂದಾಗ ಅಧಿಕಾರಿ ಮೊದಲು ಕೇಳಿದ್ದೇ ಅದು. “ತೂಕ ಅಂದ್ರ ಕೇಜಿ ಅಲ್ಲೇನ್ರೀ?”

“ಅಲ್ಲ ಸರ್” ಎಂದೆ. “ಇಲ್ಲಿ ತೂಕ ಅಂದ್ರೆ ನೋಡುವ ಅಂತ. ನಮ್ಮ ಅಧ್ಯಕ್ಷರು ಹೇಳಿದ್ರೆ, ನಾಳೆ ನೋಡುವ ಅಂತ.”

ಕೂತವರು ನಕ್ಕರು. ಅಧಿಕಾರಿ ನಗಲಿಲ್ಲ. ತಮ್ಮ ಕಾಗದದಲ್ಲಿ ಕೆಜಿ ಎಂದು ಬರೆದಿದ್ದನ್ನು ಹೊಡೆದುಹಾಕಿದರು. ಲಯನೆಲ್ ಎದ್ದು ಆಕ್ಷೇಪ ಎಂದರು. ನಾನು ಪುಸ್ತಕ ಬಿಡಿಸಿ ಓದಿದೆ, ಅವರು ಆಕ್ಷೇಪ ಆಕ್ಷೇಪ ಎನ್ನುತ್ತಲೇ ಇದ್ದರು, ನಾನು ಧ್ವನಿ ಏರಿಸಿ ಓದಿದೆ. ಉಬೈದ್ ಹೇಳಿದ ಆರು ಸಾಲನ್ನೂ ಓದಿದೆ. ‘ಈ ವಾಲ್ವಿನಲ್ಲಿ ಮಿಷನ್ ಓಡಿಸಿದರೆ ಒಳಗೆ ಇರುವ ಹೆಂಗಸರಿಗೆ ಓಡಲಿಕ್ಕೆ ದಾರಿ ಇಲ್ಲ’ ಎಂಬ ಸಾಲು ಬಂದಾಗ ಆಕ್ಷೇಪ ನಿಂತಿತು.

ನೀವು ಹೇಳಿದ್ದೂ ನಿಜವಾಯಿತು. ನನ್ನ ಶೀಘ್ರಲಿಪಿ ಓದಿಸಲು ಟೈಪಿಂಗ್ ಸಂಸ್ಥೆಯಿಂದ ಒಬ್ಬ ಪರೀಕ್ಷಕರನ್ನು ಕರೆಸಿದ್ದರು. ತುಳುವಿಗಾಗಿ ನಾನೇ ಮಾಡಿಕೊಂಡ ಗುರುತುಗಳು ಅವರಿಗೆ ಹತ್ತಲಿಲ್ಲ. ಅರ್ಧ ಪುಟ ಓದಿ ಕೈಮುಗಿದರು. ಆಗ ಅಧಿಕಾರಿ ಹೇಳಿದರು, ಆ ದಿನ ಕೋಣೆಯಲ್ಲಿದ್ದ ಇನ್ನೊಬ್ಬರು ಹೌದೆಂದರೆ ಮಾತ್ರ ಇದನ್ನು ದಾಖಲಿಸಬಹುದು, ಆಪಾದಿತನ ಮಾತು ಸಾಲದು. ಜನವರಿ 9ಕ್ಕೆ ಕೊನೆಯ ದಿನ. ಅಷ್ಟರೊಳಗೆ ಯಾರೂ ಹೇಳದಿದ್ದರೆ ಉಬೈದನೊಬ್ಬನ ಹೆಸರಿನಲ್ಲೇ ವರದಿ ಹೋಗುತ್ತದೆ.

ಹೊರಗೆ ಬಂದಾಗ ಉಬೈದ್ ನನ್ನಲ್ಲಿ ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. “ಬಾಯಮ್ಮ, ನೀವು ಬರ್ಕೊಂಡದ್ದು ನನಗೆ ಗೊತ್ತುಂಟು. ನೀವು ಕೇಳಿದ್ದೀರಿ, ಅವರೂ ಕೇಳಿದ್ದಾರೆ. ಕೇಳಿದವರು ಕೇಳಿದ್ದೇನೆ ಅಂತ ಹೇಳ್ಲಿಕ್ಕೆ ಇನ್ನು ನಾನು ಎಂತ ಮಾಡ್ಬೇಕು?”

ಕೇಳಿದವರಲ್ಲಿ ನೀವೂ ಒಬ್ಬರು. ಅದಕ್ಕೇ ನಿಮಗೆ ಬರೆದೆ.

ಬರ್ನಡೆಟ್


ಬೋಳಾರ
4 ಜನವರಿ 2026

ಬಾಯಮ್ಮ,

ನಿನ್ನೆ ಹಿತೇಶ್ ಮತ್ತು ಲಯನೆಲ್ ಮನೆಗೆ ಬಂದಿದ್ದರು. ಒಂದು ಹೇಳಿಕೆ ಟೈಪ್ ಮಾಡಿ ತಂದಿದ್ದರು. ಅದರಲ್ಲಿ ಬರೆದದ್ದು ಹೀಗೆ: ಉಬೈದ್ ವಾಲ್ವಿನ ಬಗ್ಗೆ ಆಫೀಸಿಗೆ ಅರ್ಜಿ ಕೊಟ್ಟಿದ್ದ, ಕಾರ್ಯದರ್ಶಿ ಬರ್ನಡೆಟ್ ಅದನ್ನು ಅಧ್ಯಕ್ಷರಿಗೆ ತೋರಿಸದೆ ಕಳೆದುಹಾಕಿದರು, ಆ ತಪ್ಪು ಮುಚ್ಚಲು ಈಗ ಪುಸ್ತಕ ಓದುತ್ತಿದ್ದಾರೆ.

ನಾನು ಕೇಳಿದೆ, ಹಾಗಾದರೆ ಉಬೈದ್ ಹೇಳಿದ್ದು ಹೌದು ಎಂದು ನೀವೇ ಒಪ್ಪಿದ ಹಾಗಾಯಿತಲ್ಲ. ಹಿತೇಶ್ ಹೇಳಿದ, “ಮಾವ, ಈಗ ಅವನಲ್ಲ, ಬಾಯಮ್ಮ. ಅವರಿಗೆ ರಿಟೈರ್ ಆಗಿದೆ, ಎಂತ ಆಗ್ಲಿಕ್ಕುಂಟು? ನೀವು ಸೈನ್ ಹಾಕಿ, ಉಳಿದದ್ದು ನಾವು ಮ್ಯಾನೇಜ್ ಮಾಡ್ತೇವೆ.”

ಪೆನ್ನು ಹಿಡಿದು ಕೂತೆ. ಮೊದಲು ಉಬೈದ್, ಅವನು ಸಾಲದೆ ಹೋದಾಗ ನೀವು. ನಾಳೆ ನೀವೂ ಸಾಲದಿದ್ದರೆ ಯಾರೆಂದು ಕೇಳಿದೆ. ಹಿತೇಶ್ ಸಹಿಯ ಜಾಗಕ್ಕೆ ಬೆರಳು ತೋರಿಸಿದ. ಅವರು ಕಾಪಾಡುತ್ತಿರುವುದು ನನ್ನನ್ನಲ್ಲ, ತಮ್ಮನ್ನೇ ಎಂದು ಆಗ ಗೊತ್ತಾಯಿತು. ಹೇಳಿಕೆಯನ್ನು ಅಲ್ಲೇ ಮಡಚಿ ಹಿತೇಶನ ಕಿಸೆಗೆ ಹಾಕಿದೆ. ಮೂರು ವರ್ಷ ಜೈಲು ಆಗಬಹುದು ಎಂದು ಲಯನೆಲ್ ಹೆದರಿಸಿದರು. ಆಗಲಿ ಎಂದೆ.

ಅವರು ಹೋದ ಮೇಲೆ ನಾನೇ ಕೂತು ಅಧಿಕಾರಿಗೆ ಬರೆದದ್ದು ಇದರ ಜೊತೆ ಉಂಟು. ನನ್ನ ಕನ್ನಡ ನಿಮಗೆ ಗೊತ್ತು. ಒಮ್ಮೆ ನೋಡಿ, ಸರಿಮಾಡಿ, ಕೊಟ್ಟುಬಿಡಿ.

ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ನಾಲ್ಕು ಜನರ ಎದುರು ನನ್ನನ್ನು ನಗೆಪಾಟಲು ಮಾಡಿದಿರಿ. ನಿಮ್ಮ ಮನೆಗೆ ನಾನು ಇನ್ನು ಬರುವುದಿಲ್ಲ.

ಮಾಯಿಲಪ್ಪ

(ಜೊತೆಗಿದ್ದ ಪತ್ರ)

ವಿಚಾರಣೆಯ ಸಾಹೇಬರಿಗೆ,

ಜುಲೈ 26ಕ್ಕೆ ಉಬೈದ್ ನನ್ನ ಎದುರು ನಿಂತು ವಾಲ್ವ್ ಹಾಳಾಗಿದೆ, ಹತ್ತು ದಿವಸ ಮಿಷನ್ ನಿಲ್ಲಿಸಬೇಕು ಎಂದ. ಒಳಗೆ ಹೆಂಗಸರು ಇರುತ್ತಾರೆ ಎಂದೂ ಹೇಳಿದ. ನನಗೆ ಅರ್ಥ ಆಗಿತ್ತು. ದೋಣಿ ಇಳಿಸುವ ಅವಸರ ಇತ್ತು. ನೋಡೋಣ ಎಂದೆ. ನೋಡಲಿಲ್ಲ.

ಅಧ್ಯಕ್ಷನ ಅಪ್ಪಣೆ ಇಲ್ಲದೆ ಮಾತು ಹೊರಗೆ ಹೋಗಬಾರದು ಎಂದು ನಮ್ಮ ಉಪನಿಯಮದಲ್ಲಿ ಉಂಟು. ಅಪ್ಪಣೆ ಕೊಟ್ಟಿದ್ದೇನೆ. ಬಾಯಮ್ಮನ ಪುಸ್ತಕ ಪೂರ್ತಿ ಓದಿಸಿ. ಮಸಿ ಬಳಿದದ್ದನ್ನೂ ತೆಗೆಸಿ. ಸುಳ್ಳು ಹೇಳಿದ್ದು ನಾವು, ಉಬೈದ್ ಅಲ್ಲ.

ಎಲ್ಲಿಗೆ ಬೇಕಾದರೂ ಬಂದು ಇದನ್ನೇ ಹೇಳುತ್ತೇನೆ.

ಮಾಯಿಲಪ್ಪ ಕರ್ಕೇರ, ಬೋಳಾರ


ದೇರೆಬೈಲ್
7 ಜನವರಿ 2026

ಮಾಯಿಲಪ್ಪಣ್ಣ,

ನಿಮ್ಮ ಪತ್ರವನ್ನು ನಾನೂ ಸುಹೈಲಾಳೂ ನಿನ್ನೆ ಮಧ್ಯಾಹ್ನ ಕೊಟ್ಟು ಬಂದೆವು. ಕೈಬರಹ ಬೇಡ, ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ ತನ್ನಿ ಎಂದು ಗುಮಾಸ್ತ ತಕರಾರು ಮಾಡಿದ. “ಅಧ್ಯಕ್ಷರು ಸ್ವಂತ ಬರ್ದದ್ದು ಇದೊಂದೇ, ಹೀಗೇ ತಗೊಳ್ಳಿ” ಎಂದೆ. ಮೊಹರು ಹಾಕಿ ರಶೀದಿ ಕೊಟ್ಟ. ಅದನ್ನು ಇದರೊಡನೆ ಇಟ್ಟಿದ್ದೇನೆ.

ಸರಿಮಾಡಿ ಕೊಡಿ ಎಂದಿರಿ. ಕಾಗುಣಿತದ ತಪ್ಪು ಏಳು ಇತ್ತು. ಒಂದನ್ನೂ ಮುಟ್ಟಿಲ್ಲ.

ನನ್ನ ಮನೆಗೆ ಬರಬೇಡಿ, ಆಗಲಿ. ಒಂಬತ್ತನೇ ತಾರೀಕು ಬೆಳಿಗ್ಗೆ ಹತ್ತೂವರೆಗೆ ಕಚೇರಿಗೆ ಬನ್ನಿ. ಲಯನೆಲ್ ಬೇಡ, ಒಬ್ಬರೇ ಬನ್ನಿ. ಹೆದರಿಕೆ ಆದರೆ ನನ್ನ ಪಕ್ಕದಲ್ಲಿ ಕೂತುಕೊಳ್ಳಿ, ಸಿಟ್ಟು ಇಟ್ಟುಕೊಂಡೇ ಕೂತುಕೊಳ್ಳಬಹುದು.

ಕೊಡುವ ಮೊದಲು ಕುದ್ರೋಳಿಗೆ ಹೋಗಿ ಉಬೈದನಿಗೆ ಪತ್ರ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದ. ಓದಿದೆ. ‘ನೋಡಲಿಲ್ಲ’ ಎಂಬಲ್ಲಿ ಕೈ ತೋರಿಸಿ ನಿಲ್ಲಿಸಿದ. ಆಮೇಲೆ ಎದ್ದು ಒಳಗೆ ಹೋದ. ಅವನು ನಿಮ್ಮನ್ನು ಕ್ಷಮಿಸಿದ್ದಾನೆ ಎಂದು ನಾನು ಬರೆಯುವುದಿಲ್ಲ. ಅವನು ಹಾಗೆ ಹೇಳಿಲ್ಲ.

ಬರ್ನಡೆಟ್